ನೀವು ಹುಷಾರಾಗಿದ್ದೀನಿ ಅಂದಿರಿ, ನಾನು ನಂಬಿದೆ

ಆಪಾ,

ಸಲಾಂ ಅಂತ ಶುರು ಮಾಡಲೋ, ನಮ್ಮ ಕಡೆಯವರ ಹಾಗೆ ‘ಇತ್ತ ಕ್ಷೇಮ’ ಅನ್ನಲೋ ಗೊತ್ತಾಗದೆ ಮೂರು ಹಾಳೆ ಹರಿದು ಹಾಕಿದೆ. ಇತ್ತ ಕ್ಷೇಮವಿಲ್ಲ. ಅತ್ತ ಹೇಗಿದೆಯೋ, ಯಾರನ್ನು ಕೇಳಲಿ? ಪರದೇಶದ ಸೀರಿಯಲ್ಲಿನವರ ಬಾಯಿಗೆ ಡಬ್ಬಿಂಗಿನ ಕನ್ನಡ ತುಂಬಿಸಿ ಹೊಟ್ಟೆ ಹೊರೆಯುವವಳಿಗೆ ನಿಮಗೊಂದು ಕಾಗದದ ಮೊದಲ ಸಾಲು ಬರೆಯಲು ಬರಲಿಲ್ಲ ಎಂದರೆ ನೀವು ಬಿದ್ದು ಬಿದ್ದು ನಗುತ್ತಿದ್ದಿರಿ. ನೀವು ಹೋಗಿ ಏಳು ತಿಂಗಳಾಯಿತು. ಶಿರಾದ ನಿಮ್ಮ ಮನೆಯ ಮಹಡಿಯಲ್ಲಿ ನಾನಿನ್ನೂ ಬಾಡಿಗೆಗಿದ್ದೇನೆ. ಕೆಳಗೆ ನಿಮ್ಮ ಯಜಮಾನರು, ನಮ್ಮ ಭಾಯ್ ಇದ್ದಾರೆ, ನಿಮ್ಮ ಮಗಳು ಶಾಹೀನ್ ಇದ್ದಾಳೆ. ನೀವು ಮಾತ್ರ...

ಕರಡಿ ನಿಮ್ಮ ಮೇಲೆ ಬಿದ್ದ ದಿನ ನಾನು ಇದೇ ಮೇಜಿನ ಮುಂದೆ ಕೂತಿದ್ದೆ. ಭಾಯ್ ಮೋಟಾರು ವೈಂಡಿಂಗ್ ಅಂಗಡಿಯಿಂದ ಗ್ರೀಸು ಮೆತ್ತಿದ ಕೈಯಲ್ಲೇ ಓಡಿ ಬಂದು, “ವನಜಾ, ಬಾ, ನಿಮ್ಮ ಆಪಾನ ಕರಡಿ ಹಿಡಿದೈತಂತೆ” ಅಂದರು. ತಮಾಷೆ ಅಂದುಕೊಂಡೆ. ಅವತ್ತು ಲಸಿಕೆಯ ದಿನ. ಮಧುಗಿರಿಯಿಂದ ಪಾವಗಡದ ಕಡೆ ಹೋಗುವ ದಾರಿಯ ಹಳ್ಳಿಗಳಿಗೆ ನೀವು ಸ್ಕೂಟಿಯಲ್ಲಿ ಲಸಿಕೆ ಡಬ್ಬಿ ಇಟ್ಟುಕೊಂಡು ಬೆಳಿಗ್ಗೆಯೇ ಹೊರಟಿದ್ದಿರಿ. ಗುಡ್ಡದ ತಿರುವಿನಲ್ಲಿ ಸೀತಾಫಲದ ಗಿಡಗಳಿವೆಯಲ್ಲ, ಅಲ್ಲಿ. ಆಸ್ಪತ್ರೆಯಲ್ಲಿ ನಿಮ್ಮ ಮಂಚದ ಪಕ್ಕ ಕೂತಿದ್ದ ಕುರಿ ಕಾಯುವ ಅಜ್ಜಿ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು: “ಅಯ್ಯೋ ತಲ್ಲೀ, ದೊಣ್ಣೆ ತಕ್ಕೊಂಡು ಬಂಡೆಗೆ ಬಡ್ದು ಬಡ್ದು ಕೂಗ್ದೆ ಕಣಮ್ಮ. ಒಸಿ ಒತ್ತು ಬುಡ್ಲೇ ಇಲ್ಲ. ಆಮ್ಯಾಕೆ ಬುಟ್ಟು ಗುಡ್ಡ ಅತ್ಕಂಡು ಓಯ್ತು.” ಎಡಗೆನ್ನೆಗೆ ಹೊಲಿಗೆ, ಹರಿದ ಕಿವಿ, ಮೂಳೆ ಮುರಿದ ಎಡಗೈ. ಹುಚ್ಚುನಾಯಿ ಕಚ್ಚಿದವರಿಗೆ ಕೊಡುವ ಇಂಜೆಕ್ಷನ್ ನಿಮಗೂ ಕೊಡಲು ಬಂದಾಗ, “ಊರ ಮಕ್ಳಿಗೆಲ್ಲ ಚುಚ್ಚಿದ ಪಾಪ ಕಣೇ, ಈಗ ವಾಪಸ್ ಬರ್ತೈತೆ” ಎಂದು ಹೊಲಿಗೆ ಬಿರಿಯುವ ಹಾಗೆ ನಕ್ಕಿರಿ. ಹೀಗೆ ನಗುವವರಿಗೆ ಏನೂ ಆಗುವುದಿಲ್ಲ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟೆ.

ನಾಲ್ಕು ತಿಂಗಳಾದ ಮೇಲೆ ನೀವು ಮತ್ತೆ ಡ್ಯೂಟಿಗೆ ಹೋದ ಮೊದಲ ದಿನ ನಾನೂ ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದೆ, ಜೊತೆಗಿರಲಿ ಎಂದು. ಹಳ್ಳಿ ಹೆಂಗಸರು ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಸುತ್ತ ನಿಂತರು. “ಉಸಾರಾದ್ರಾ ಸಿಸ್ಟ್ರಮ್ಮ?” “ಹುಷಾರಾಗೇ ಇದ್ದೀನಿ ಕಣಮ್ಮ. ನಿನ್ನ ಮಗಂದು ಕಾರ್ಡ್ ತಂದ್ಯಾ?” ಅಷ್ಟೇ. ಒಬ್ಬರಾದ ಮೇಲೆ ಒಬ್ಬರು ಅದೇ ಪ್ರಶ್ನೆ, ಅದೇ ಉತ್ತರ. ನಾನು ಹೆಮ್ಮೆಯಿಂದ ನಿಮ್ಮ ಫೋಟೋ ತೆಗೆದೆ. ಕಳ್ಳಂಬೆಳ್ಳದಲ್ಲಿರುವ ನಮ್ಮಮ್ಮನಿಗೆ ಕಳಿಸಿ, ‘ನೋಡು, ನಮ್ಮ ಆಪಾ ಗೆದ್ದು ಬಂದರು’ ಎಂದು ಬರೆದೆ. ದಾರಿಯುದ್ದಕ್ಕೂ ನೀವು ಬೆರಳು ತೆಗೆಯದೆ ಹಾರ್ನ್ ಹೊಡೆದಿರಿ. ಮದುವೆ ದಿಬ್ಬಣದ ಬಸ್ಸಿನವರೂ ಇಷ್ಟು ಹೊಡೆಯಲ್ಲ ಎಂದು ರೇಗಿಸಿದೆನಲ್ಲ, ನಿಮಗೆ ಅದು ಕೇಳಿಸಿತ್ತಾ?

ಭಾನುವಾರ ಹನ್ನೊಂದು ಗಂಟೆಗೆ ನಿಮ್ಮ ನಡುಮನೆಯಲ್ಲಿ ನಮ್ಮ ಹಡಗಿನ ಸೀರಿಯಲ್ಲು. ನಮ್ಮದು ಎಂದು ನೀವೇ ಅನ್ನುತ್ತಿದ್ದಿರಿ, ಕನ್ನಡ ಮಾತು ನಾನು ಬರೆದದ್ದಕ್ಕೆ. ನಕ್ಷತ್ರಗಳ ನಡುವೆ ಅಲೆಯುವ ಒಂದು ಹಡಗು, ಅದರಲ್ಲಿ ರಿಪೇರಿ ಮಾಡುವ ಒಬ್ಬ ಹುಡುಗಿ. ಅವಳ ಹೆಸರು ಬಾಯಿಗೆ ಬರುವುದಿಲ್ಲವೆಂದು ನೀವು ‘ನಟ್ಟು-ಬೋಲ್ಟು’ ಎಂದು ಕರೆದಿರಿ. ಹಡಗಿನ ಹಿಂಭಾಗ ಸಿಡಿದು ಅವಳು ಹನ್ನೊಂದು ದಿನ ಒಂದು ಕತ್ತಲ ಕೋಣೆಯಲ್ಲಿ ಸಿಕ್ಕಿಕೊಂಡಳು. ಮುಂದಿನ ಭಾನುವಾರ ಸ್ಪ್ಯಾನರ್ ತಿರುಗಿಸುತ್ತಾ ಜೋಕು ಹೇಳುತ್ತಿದ್ದಳು. “ಒಂದೇ ವಾರಕ್ಕೆ ವಾಸಿ” ಅಂದಿರಿ ನೀವು. “ಇವಳ ಡಾಕ್ಟ್ರ ಅಡ್ರೆಸ್ ನಂಗೂ ಕೊಡ್ಸೇ.” ನಾನು ಸೀರಿಯಲ್ಲಿನವರ ವಕೀಲಿಕೆಗೆ ನಿಂತೆ. ಅವರ ಪದ್ಧತಿಯೇ ಹಾಗೆ ಆಪಾ, ಹೋದ ವಾರ ನೋಡದವರಿಗೂ ಈ ವಾರ ಅರ್ಥವಾಗಬೇಕು, ಅದಕ್ಕೆ ಎಲ್ಲರನ್ನೂ ಮೊದಲಿನ ಹಾಗೆ ಮಾಡಿಬಿಡುತ್ತಾರೆ ಎಂದೆ. ನೀವು ಟೀವಿಯಿಂದ ಕಣ್ಣು ತೆಗೆಯದೆ ಹೇಳಿದಿರಿ: “ಊರೋರೂ ಅಂಗೇ ಅಲ್ವೇನೇ. ಹೋದ ವಾರದ್ದು ಯಾರಿಗೂ ಬ್ಯಾಡ.”

ನೆನಪು ಅಳಿಸುವ ಕುರ್ಚಿ ಬಂದ ಕಂತು ನೆನಪಿದೆಯಾ? ಹಡಗಿನ ಕ್ಯಾಪ್ಟನ್ ತನ್ನ ಜನ ಸತ್ತದ್ದನ್ನು ಮರೆಯಲು ಆ ಕುರ್ಚಿಯಲ್ಲಿ ಕೂರುತ್ತಾನೆ. ಎದ್ದಾಗ ಮುಖ ತೊಳೆದ ಹಾಗಿರುತ್ತಾನೆ. ನಾನು ಸುಮ್ಮನಿರಲಾರದೆ, “ಅಂಥದ್ದೊಂದು ಇದ್ದಿದ್ರೆ ನೀವು ಕೂರ್ತಿದ್ರಾ ಆಪಾ?” ಎಂದು ಕೇಳಿದೆ. ನೀವು ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದಿರಿ. “ಇಲ್ಲ ಕಣೇ. ಕರಡಿ ಹೋದ್ರೆ ಅದರ ಜೊತೆ ಆ ಅಜ್ಜಿನೂ ಹೋಗ್ತಾಳೆ. ನಂಗೋಸ್ಕರ ಯಾರೂ ಅಷ್ಟು ಕೂಗಿರ್ಲಿಲ್ಲ.” ಇನ್ನೊಂದು ಕಂತಿನಲ್ಲಿ ಮನಸ್ಸಿನ ಡಾಕ್ಟರಿನ ಯಂತ್ರವೊಂದು ನಟ್ಟು-ಬೋಲ್ಟನ್ನು ಮಾತಾಡಿಸಿ ಅಳುವಂತೆ ಮಾಡಿತು. ಅತ್ತಾದ ಮೇಲೆ ಹಿಂದೆ ಮೆಲ್ಲಗೆ ಸಂಗೀತ, ಮುಖದಲ್ಲಿ ನಗು, ಮುಗಿಯಿತು. “ಒಂದ್ಸಲ ಅತ್ತುಬಿಟ್ರೆ ಸರಿಹೋಗುತ್ತೆ ಅಂತ ಇವರಿಗೆ ಯಾರು ಹೇಳಿದ್ರು?” ಎಂದು ನಿಜವಾಗಿಯೂ ಸಿಟ್ಟು ಮಾಡಿಕೊಂಡಿರಿ. ಒಂದು ಸುಳ್ಳು ಕಥೆಯ ಮೇಲೆ ಇಷ್ಟು ಸಿಟ್ಟೇಕೆ ಎಂದು ನನಗೆ ಆಶ್ಚರ್ಯವಾಗಿತ್ತು.

ಎರಡನೇ ಸೀಸನ್ನಿನ ನಡುವೆ ಒಂದು ಭಾನುವಾರ ನೀವು ಕಡಲೆಕಾಯಿ ಮುಟ್ಟಲಿಲ್ಲ. ಬರೆಯುವವರು ಬದಲಾಗಿದ್ದರೋ ಏನೋ, ಆ ಕಂತಿನಲ್ಲಿ ನಟ್ಟು-ಬೋಲ್ಟು ಹಡಗಿನ ಹಿಂಭಾಗದ ಬಾಗಿಲ ಮುಂದೆ ಬಂದು ನಿಲ್ಲುತ್ತಾಳೆ. ಒಳಗೆ ಹೋಗಬೇಕು, ಹೋಗಲಾಗುವುದಿಲ್ಲ. ಹಡಗಿನ ಮುದಿ ಅಡುಗೆಯವನು ಎರಡು ಲೋಟ ತಂದು ಅವಳ ಪಕ್ಕ ನೆಲದ ಮೇಲೆ ಕೂರುತ್ತಾನೆ. ಅವನೂ ಮಾತಾಡುವುದಿಲ್ಲ, ಅವಳೂ ಇಲ್ಲ. ಮುಗಿದ ಮೇಲೆ ನೀವು ದುಪಟ್ಟಾದಿಂದ ಮುಖ ಒರೆಸಿಕೊಂಡು ಕೇಳಿದಿರಿ, “ಇದಕ್ಕೆ ನೀನೇನು ಬರ್ದೆ?” “ಏನೂ ಇಲ್ಲ ಆಪಾ, ಮಾತೇ ಇಲ್ಲವಲ್ಲ.” “ಇದೊಂದನ್ನ ಸರಿಯಾಗಿ ಬರ್ದಿದೀಯ” ಅಂದಿರಿ. ನಾನು ನಕ್ಕೆ. ನೀವು ನಗಲಿಲ್ಲ ಎಂಬುದು ಈಗ ಹೊಳೆಯುತ್ತಿದೆ.

‘ಹುಷಾರು’ ಎಂಬ ಒಂದು ಪದಕ್ಕೆ ನಾವು ಜಗಳವಾಡಿದ್ದು ಅದರ ಮುಂದಿನ ವಾರ. ಹಡಗಿನ ಡಾಕ್ಟರು ಅವಳನ್ನು ಎರಡೇ ಮಾತಿನಲ್ಲಿ ಕೇಳುತ್ತಾನೆ, ಅವಳು ಒಂದೇ ಉಸಿರಿನಲ್ಲಿ ಉತ್ತರ ಹೇಳಿ ಎದ್ದು ಹೋಗುತ್ತಾಳೆ. ನನ್ನ ಕಸುಬು ನಿಮಗೆ ಗೊತ್ತಲ್ಲ, ಅರ್ಥಕ್ಕಿಂತ ಮೊದಲು ತುಟಿಗೆ ಕೂರಬೇಕು. ‘ಹುಷಾರಾಗಿದ್ದೀನಿ’ ಉದ್ದವಾಯಿತು, ಹುಡುಗಿ ಅಷ್ಟು ಬಾಯಿ ತೆರೆಯುವುದಿಲ್ಲ. ಹಾಗಾಗಿ ಅವನಿಗೆ ‘ಹುಷಾರಾದ್ಯಾ?’ ಎಂದೂ ಅವಳಿಗೆ ‘ಹುಷಾರು’ ಎಂದೂ ಬರೆದಿದ್ದೆ. ನೀವು ಕೇಳಿದ ಕೂಡಲೇ, “ಈಗ ಸರಿಹೋಯ್ತು ನೋಡು” ಅಂದಿರಿ. “ಅವನು ವಾಸಿಯಾಯ್ತಾ ಅಂತಾನೆ. ಇವಳು ಎಚ್ಚರವಾಗಿದ್ದೀನಿ ಅಂತಾಳೆ. ಇಬ್ರೂ ಖುಷಿಯಾಗಿ ಎದ್ದೋಗ್ತಾರೆ.” ನನಗೆ ಅರ್ಥವಾಗಲಿಲ್ಲ. “ಅರೆ, ನಮ್ಮ ಮನೇಲಿ ಹುಷಾರ್ ಅಂದ್ರೆ ಎಚ್ಚರ ಕಣೇ. ನಾಯಿ ಒಂದು ಕಿವಿ ಎತ್ಕೊಂಡು ಮಲಗಿರುತ್ತಲ್ಲ, ಅದು ಹುಷಾರು. ನಮ್ಮ ಮಾತನ್ನ ನೀವು ಕನ್ನಡದೋರು ಎತ್ಕೊಂಡೋಗಿ ಜ್ವರ ಬಿಟ್ಟೋರಿಗೆ ಅಂಟಿಸಿದ್ರಿ.” ನಾನು ಬಿಡಲಿಲ್ಲ. ನಾವೂ ಎಚ್ಚರ ಎಂಬುದಕ್ಕೆ ಹುಷಾರು ಅಂತೀವಿ, ವಾಸಿ ಎಂಬುದಕ್ಕೂ ಅಂತೀವಿ, ಎರಡೆರಡು ಕೆಲಸ ಮಾಡಿಸಿಕೊಳ್ಳುವುದು ನಮ್ಮ ಜಾಣತನ ಎಂದೆ. ನೀವು “ಆಯ್ತು ಬಿಡು, ಜಾಣೆ” ಎಂದು ಟೀಗೆ ನೀರಿಡಲು ಎದ್ದಿರಿ. ನಾನು ವಾದ ಗೆದ್ದ ಖುಷಿಯಲ್ಲಿ ಮಹಡಿ ಹತ್ತಿದೆ. ಅದೇ ಉತ್ತರವನ್ನು ನೀವು ಊರಿಗೆಲ್ಲ ಕೊಡುತ್ತಿದ್ದೀರಿ ಎಂದು ನನ್ನ ತಲೆಗೆ ಹೋಗಲಿಲ್ಲ ಆಪಾ. ಪದ ತೂಗಿ ತೂಗಿ ಬರೆಯುವವಳು ನಾನು.

ಕಪ್ಪು ಬುರ್ಖಾ ಬಿಟ್ಟು ನೇರಳೆ ಬಣ್ಣದ್ದು ಹೊಲಿಸಿಕೊಂಡಾಗ ಏನೆಂದೆ ನೆನಪಿದೆಯಾ? “ಏನ್ ಆಪಾ, ಈ ವಯಸ್ಸಲ್ಲಿ ಫ್ಯಾಷನ್ನು” ಎಂದೆ. ಟೀವಿ ನೋಡುವಾಗ ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ತಿರುಗಿಸಿ, ಟೀವಿಯನ್ನು ಓರೆಗಣ್ಣಲ್ಲಿ ನೋಡುತ್ತಿದ್ದಿರಿ. ಕುತ್ತಿಗೆ ನೋವಿಗೆ ಹಾಗೆ ಅಂದುಕೊಂಡೆ. ಸೀತಾಫಲದ ಕಾಲದಲ್ಲಿ ನಮ್ಮಮ್ಮ ಒಂದು ಪುಟ್ಟಿ ಹಣ್ಣು ಕಳಿಸಿದಾಗ ನೀವು ಅದನ್ನು ಒಳಗೆ ತರಿಸಲೇ ಇಲ್ಲ, ಗೇಟಿನಲ್ಲೇ ಹಂಚಿಬಿಟ್ಟಿರಿ. ನಾನು ದಾನಬುದ್ಧಿ ಎಂದು ಹೊಗಳಿದೆ. ಇವೆಲ್ಲ ಒಂದು ಸೀರಿಯಲ್ಲಿನಲ್ಲಿ ಬಂದಿದ್ದರೆ ಮೊದಲ ಕಂತಿನಲ್ಲೇ ಹಿಡಿದು, ಅವಳಿಗೆ ಇನ್ನೂ ವಾಸಿಯಾಗಿಲ್ಲ ಎಂದು ನಿಮಗೆ ವಿವರಿಸಿ ಹೇಳುತ್ತಿದ್ದೆ.

ಆ ಬುಧವಾರ ನೀವು ಮಹಡಿ ಹತ್ತಿ ಬಂದಿರಿ. ಹಾಗೆ ಬರುವವರಲ್ಲ ನೀವು, ಕೆಳಗಿನಿಂದಲೇ ಕೂಗುವವರು. ಬಾಗಿಲಲ್ಲೇ ನಿಂತು, “ತುಮಕೂರಲ್ಲಿ ಒಬ್ರು ಡಾಕ್ಟ್ರಿದಾರಂತೆ ಕಣೇ. ಮನಸಿಗೆ ನೋಡ್ತಾರಂತೆ. ನಾಳೆ ರಜ ಹಾಕಿದೀನಿ. ಜೊತೆಗೆ ಬರ್ತೀಯಾ?” ಎಂದಿರಿ. ನನಗೆ ಮರುದಿನ ಸಂಜೆಯೊಳಗೆ ನಾಲ್ಕು ಕಂತು ಕಳಿಸಬೇಕಿತ್ತು. ಕಿವಿಯಿಂದ ಹೆಡ್‌ಫೋನನ್ನು ಅರ್ಧ ಮಾತ್ರ ತೆಗೆದೆ. “ಯಾರಿಗೆ ಆಪಾ?” ಎಂದೆ. ನೀವು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಿರಿ. ಆಗಲಾದರೂ ಗೊತ್ತಾಗಬೇಕಿತ್ತು. “ನಿಮಗಾ? ನೀವು ಹುಷಾರಾಗಿದ್ದೀರಲ್ಲ ಆಪಾ, ನಿಮಗ್ಯಾಕೆ?” ಎಂದು ನಕ್ಕುಬಿಟ್ಟೆ. ನಿಮ್ಮ ಮುಖ ನೋಡಿ, ಮುಂದಿನ ವಾರ ಹೋಗೋಣ ಎಂದೆ. “ಅದೂ ನಿಜಾನೇ. ಬರ್ಕೋ ಬರ್ಕೋ” ಎಂದು ನೀವು ಇಳಿದು ಹೋದಿರಿ. ಮುಂದಿನ ವಾರ ನೀವು ಕೇಳಲಿಲ್ಲ. ನಾನು ನೆನಪಿಸಲಿಲ್ಲ. ಭಾಯ್‌ಗೆ ಹೇಳುವ ಮೊದಲು, ಮಗಳಿಗೆ ಹೇಳುವ ಮೊದಲು, ನೀವು ನನ್ನ ಹತ್ತಿರ ಬಂದಿದ್ದಿರಿ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ. ಜೊತೆಯಲ್ಲಿ ಕೆಲಸ ಮಾಡುವ ಸಿಸ್ಟರಿನ ಮಗುವಿನ ನಾಮಕರಣಕ್ಕೆಂದು ನೀವು ಮಧುಗಿರಿಯಿಂದ ಕೊರಟಗೆರೆಗೆ ಹೊರಟಿದ್ದಿರಿ. ಒಳ್ಳೆಯ ಬಿಸಿಲು, ಒಳ್ಳೆಯ ರಸ್ತೆ. ರಸ್ತೆ ಬದಿಯ ಟೀ ಅಂಗಡಿಯವರು ಆಮೇಲೆ ಹೇಳಿದರು: “ಏನೂ ಇರ್ಲಿಲ್ಲ ಕಣಮ್ಮ. ಕಳ್ಳೇಕಾಯಿ ರಾಶಿಗೆ ಕರೀ ಟಾರ್ಪಾಲ್ ಒದ್ಸಿದ್ರು. ಗಾಳಿಗೆ ಎದ್ದು ನಿಂತ್ಕಂತು, ಅಷ್ಟೇಯ. ಆಯಮ್ಮ ಕಿರ್ಚಿ ಗಾಡಿ ತಿರುಗಿಸ್ಬುಟ್ರು. ಎದ್ರುಗೆ ಟಿಪ್ಪರ್ ಬತ್ತಿತ್ತು.” ಅಷ್ಟೇ ಆಪಾ. ಒಂದು ಟಾರ್ಪಾಲು.

ಮಣ್ಣು ಮಾಡಿ ಬಂದ ಗಂಡಸರು ಗೇಟಿನ ಹತ್ತಿರ ನಿಂತಿದ್ದರು. ನಾನು ಹೆಂಗಸರ ಜೊತೆ ಒಳಗೆ ಕೂತಿದ್ದೆ. ಹೊರಗಿನಿಂದ ಒಬ್ಬರ ಮಾತು ಕೇಳಿಸಿತು, “ಸ್ವಲ್ಪ ಹುಷಾರಾಗಿ ಓಡಿಸ್ಬೇಕಿತ್ತು ಪಾಪ.” ನನಗೆ ಎದ್ದು ಹೋಗಿ ಅವರ ಕೊರಳ ಪಟ್ಟಿ ಹಿಡಿಯಬೇಕೆನ್ನಿಸಿತು. ನನ್ನ ಆಪಾ ಎರಡು ವರ್ಷ ಹುಷಾರಾಗಿ ಇದ್ದದ್ದು ಬಿಟ್ಟರೆ ಬೇರೇನು ಮಾಡಿದರು? ಉಣ್ಣುವಾಗ, ಕೂರುವಾಗ, ಮಕ್ಕಳ ತೊಡೆಗೆ ಸೂಜಿ ಹಾಕುವಾಗಲೂ ಹುಷಾರು. ನಾವೆಲ್ಲ ವಾಸಿಯಾಯಿತು ಅಂದುಕೊಂಡಿದ್ದು ಅದನ್ನೇ. ಆವತ್ತು ನಿಮ್ಮ ನಡುಮನೆಯಲ್ಲಿ ಕೂತು ನನಗೆ ಅದು ಗೊತ್ತಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಿಮ್ಮನ್ನು ಕರಡಿ ಕೊಂದಿತು, ನಿಧಾನವಾಗಿ ಕೊಂದಿತು, ಮತ್ತು ಅದು ಕೊಲ್ಲುತ್ತಿರುವಾಗ ನಾನು ಮಹಡಿಯ ಮೇಲಿದ್ದೆ. ಇದನ್ನು ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಹೋದ ತಿಂಗಳು ಸೀರಿಯಲ್ಲಿನ ಕೊನೆಯ ಸೀಸನ್ ನನ್ನ ಕೈಗೆ ಬಂತು. ನೀವು ಕಾಯುತ್ತಿದ್ದಿರಲ್ಲ, ನಟ್ಟು-ಬೋಲ್ಟಿಗೆ ಏನಾಯಿತು ಎಂದು. ಕೇಳಿ. ಅವರು ಒಂದು ಯಂತ್ರ ತಂದು ಕಾಲವನ್ನು ಹಿಂದಕ್ಕೆ ತಿರುಗಿಸಿಬಿಟ್ಟರು. ಹಡಗು ಸಿಡಿಯುವ ಮೊದಲಿನ ದಿನಕ್ಕೆ ಹೋಗಿ ಅದನ್ನು ತಪ್ಪಿಸಿದರು. ಹನ್ನೊಂದು ದಿನದ ಕತ್ತಲು ಆಗಲೇ ಇಲ್ಲ. ಎಲ್ಲರೂ ಅಪ್ಪಿಕೊಂಡರು, ಜೋರು ಸಂಗೀತ. ಮುದಿ ಅಡುಗೆಯವನು ಓಣಿಯಲ್ಲಿ ಎದುರಾದಾಗ ಅವನು ಯಾರೋ ಎಂಬಂತೆ ಅವಳು ಪಕ್ಕಕ್ಕೆ ಸರಿದು ಹೋದಳು. ಅವನ ಪಕ್ಕ ಅವಳು ಕೂತೇ ಇಲ್ಲವಲ್ಲ. ನಾನು ಲ್ಯಾಪ್‌ಟಾಪ್ ಮುಚ್ಚಿ ಅತ್ತೆ. ಇಷ್ಟು ಸಲೀಸಾಗಿ ಬಿಡಿಸಿಕೊಂಡರಲ್ಲ ಎಂಬ ಸಿಟ್ಟು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚು. ಆ ಯಂತ್ರ ನನಗೆ ಸಿಕ್ಕಿದ್ದರೆ ಗುಡ್ಡದ ತಿರುವಿಗೂ ಹೋಗುತ್ತಿರಲಿಲ್ಲ, ಟಾರ್ಪಾಲು ಕಟ್ಟಲೂ ಹೋಗುತ್ತಿರಲಿಲ್ಲ. ಆ ಬುಧವಾರಕ್ಕೆ ಹೋಗಿ ಕಿವಿಯಿಂದ ಹೆಡ್‌ಫೋನ್ ಪೂರ್ತಿ ತೆಗೆಯುತ್ತಿದ್ದೆ. ಇನ್ನೇನೂ ಬೇಡ. ಆದರೆ ಕಂತು ಕಳಿಸಲೇಬೇಕು, ಕಣ್ಣೊರೆಸಿಕೊಂಡು ಅವರ ಸಂತೋಷಕ್ಕೆಲ್ಲ ಕನ್ನಡ ಬರೆದೆ. ಅಷ್ಟೂ ಕಂತಿನಲ್ಲಿ ಒಂದೇ ಒಂದು ಕಡೆಯೂ ಹುಷಾರು ಎಂದು ಬರೆಯಲು ಕೈ ಬರಲಿಲ್ಲ.

ಕಳೆದ ಸೋಮವಾರ ಶಾಹೀನ್ ಮೆಟ್ಟಿಲ ಮೇಲೆ ಕೂತು ಪುಸ್ತಕ ಹಿಡಿದಿದ್ದಳು, ಅದೇ ಪುಟ ಅರ್ಧ ಗಂಟೆಯಿಂದ. ನೀವು ಹೋದ ದಿನ ಟೀ ಅಂಗಡಿಯವರು ನಿಮ್ಮ ಫೋನಿನಿಂದಲೇ ಅವಳಿಗೆ ಕರೆ ಮಾಡಿದ್ದರು. ಕಾಲೇಜಿಂದ ಬಂದ ಹುಡುಗಿ ‘ಅಮ್ಮಿ’ ಎಂಬ ಹೆಸರು ನೋಡಿ ನಗುತ್ತಾ ಎತ್ತಿದ್ದಳು. ಅಂದಿನಿಂದ ಮನೆಯಲ್ಲಿ ಯಾರ ಫೋನ್ ಬಡಿದರೂ ಎದ್ದು ಹಿತ್ತಲಿಗೆ ಹೋಗುತ್ತಾಳೆ. ಬಂದವರೆಲ್ಲ “ಹುಷಾರಾದ್ಯಾ ಬೇಟಿ?” ಅನ್ನುತ್ತಾರೆ. ಅವಳು ನಿಮ್ಮ ಮಗಳಲ್ಲವೇ, “ಹುಷಾರು” ಅನ್ನುತ್ತಾಳೆ. ನಾನು ಆ ಪ್ರಶ್ನೆ ಕೇಳಲಿಲ್ಲ. ಪಕ್ಕದಲ್ಲಿ ಕೂತೆ. “ಫೋನ್ ಬಡಿದ್ರೆ ಏನಾಗುತ್ತೆ ಶಾಹೀನ್?” ಎಂದೆ. ಪುಟದ ಮೇಲೆ ಬೆರಳಿಟ್ಟುಕೊಂಡೇ ಹೇಳಿದಳು, “ಇನ್ನೊಂದ್ಸಲ ಸಾಯ್ತಾರೆ ಅಕ್ಕ. ಪ್ರತಿ ಸಲಾನೂ ಸಾಯ್ತಾರೆ.”

ಇವತ್ತು ಬೆಳಿಗ್ಗೆ ನಾವಿಬ್ಬರೂ ತುಮಕೂರಿನ ಬಸ್ಸು ಹತ್ತಿದೆವು. ನೀವು ಹೇಳಿದ್ದ ಆ ಡಾಕ್ಟರೇ. ಭಾಯ್‌ಗೆ ಹೇಳಿದಾಗ ಅವರು ಏನೂ ಕೇಳದೆ ಬಸ್‌ಸ್ಟ್ಯಾಂಡಿನವರೆಗೆ ಬಂದು ನಿಂತರು. ಆಸ್ಪತ್ರೆಯಲ್ಲಿ ಹೆಸರು ಬರೆದುಕೊಳ್ಳುವ ಹೆಂಗಸು ತಲೆ ಎತ್ತದೆ, “ಪೇಶೆಂಟ್ ಯಾರಮ್ಮ?” ಎಂದು ಕೇಳಿದಳು. ನಾನು ಶಾಹೀನಳ ಹೆಸರು, ವಯಸ್ಸು ಹೇಳಿದೆ. “ನೀವೇನಾಗ್ಬೇಕು?” ಎಂದಳು. ಮೇಲಿನ ಮನೆಯವಳು ಎನ್ನಲೇ, ಬಾಡಿಗೆಯವಳು ಎನ್ನಲೇ? ಇವಳ ಅಮ್ಮನನ್ನು ಕರೆದುಕೊಂಡು ಬರಬೇಕಾಗಿದ್ದವಳು ಎನ್ನಲೇ? ನಾನು ಹಾಗೆ ಕೌಂಟರಿನ ಅಂಚು ಹಿಡಿದು ನಿಂತಿದ್ದಾಗ ಶಾಹೀನ್ ನನ್ನ ಮುಖವನ್ನೇ ನೋಡುತ್ತಿದ್ದಳು. ನೋಡಿ, ಮುಂದಕ್ಕೆ ಬಗ್ಗಿ ಆ ಹೆಂಗಸಿಗೆ ಹೇಳಿದಳು:

“ಇವ್ರಿಗೂ ಒಂದು ಚೀಟಿ ಬರೀರಿ ಮೇಡಂ. ವನಜಾ ಅಂತ. ಇವ್ರಿಗೂ ಆಗ್ತಿಲ್ಲ.”

ಎರಡು ಚೀಟಿ ಬರೆಸಿದಳು ಆಪಾ, ನಿಮ್ಮ ಮಗಳು. ಬೆಂಚಿನ ಮೇಲೆ ನಮ್ಮ ಸರದಿಗೆ ಕಾಯುತ್ತಾ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಮುಂದಿನ ಸಲಕ್ಕೆ ಹದಿನೈದು ದಿನ ಬಿಟ್ಟು ಬರಲು ಹೇಳಿದ್ದಾರೆ. ನಾವು ಹೋಗುತ್ತೇವೆ.

ನಿಮ್ಮ
ವನಜಾ